ಬಂದವರನ್ನು ಎಣಿಸುವ ನೀವು ಇದ್ದವರನ್ನೂ ಒಮ್ಮೆ ಕೇಳಿ

ಪ್ರವಾಸೋದ್ಯಮದ ನೀತಿ ಬರೆಯುವ, ಲೈಸೆನ್ಸ್ ಕೊಡುವ, ಜಾಹೀರಾತು ಮಾಡಿಸುವ ಎಲ್ಲ ಇಲಾಖೆ, ಮಂಡಳಿ, ಸ್ಥಳೀಯ ಆಡಳಿತಗಳ ಅಧಿಕಾರಿಗಳಿಗೆ,

ವಿಷಯ: ಪ್ರವಾಸಿಗರು ಬರುವ ಊರುಗಳಲ್ಲಿ ಅಲ್ಲಿನ ನಿವಾಸಿಗಳ ಅಭಿಪ್ರಾಯವನ್ನು ಕೇಳುವ, ಪ್ರಕಟಿಸುವ ಮತ್ತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಬಗ್ಗೆ.

ಮಾನ್ಯರೇ,

1980ರಿಂದ ಪ್ರತಿ ವರ್ಷ ಸೆಪ್ಟೆಂಬರ್ 27ರಂದು ವಿಶ್ವ ಪ್ರವಾಸೋದ್ಯಮ ದಿನ ಆಚರಿಸುತ್ತಾ ಬಂದಿದ್ದೀರಿ. ಆ ದಿನದ ಭಾಷಣಗಳಲ್ಲಿ ಅಂಕಿಗಳಿಗೆ ಬರ ಇರುವುದಿಲ್ಲ. 1950ರಲ್ಲಿ ಇಡೀ ಜಗತ್ತಿನಲ್ಲಿ ದೇಶದ ಗಡಿ ದಾಟಿ ಬಂದ ಪ್ರವಾಸಿಗರ ಲೆಕ್ಕ ಸುಮಾರು 2.5 ಕೋಟಿ. 2019ರಲ್ಲಿ ಅದು ಸುಮಾರು 146 ಕೋಟಿ ಮುಟ್ಟಿತು. ಕೊರೋನಾ ಬಂದ 2020ರಲ್ಲಿ ಕಾಲು ಭಾಗದಷ್ಟಕ್ಕೆ ಕುಸಿಯಿತು. 2024ರ ಹೊತ್ತಿಗೆ ಮತ್ತೆ 140 ಕೋಟಿಯ ಹತ್ತಿರ ಬಂತು. ಯಾವ ತಿಂಗಳು ಎಷ್ಟು ಜನ ಬಂದರು, ಎಷ್ಟು ರಾತ್ರಿ ಉಳಿದರು, ತಲೆಗೆ ಎಷ್ಟು ಖರ್ಚು ಮಾಡಿದರು ಅನ್ನುವುದೆಲ್ಲ ನಿಮ್ಮ ಬಳಿ ಇದೆ. ಹೋಗುವಾಗ ಅವರು ಖುಷಿಯಾಗಿದ್ದರಾ, ಮತ್ತೆ ಬರುತ್ತಾರಾ ಎಂದೂ ನೀವು ಕೇಳಿ ಬರೆದುಕೊಳ್ಳುತ್ತೀರಿ.

ಅವರೆಲ್ಲ ಬಂದುಹೋದ ಊರುಗಳಲ್ಲಿ ವರ್ಷವಿಡೀ ಬದುಕುವ ಜನ ನಾವು. ನಮಗೆ ಹೇಗನ್ನಿಸುತ್ತಿದೆ ಎಂದು ಕೇಳಿದ ಕಡತ ಬಹಳಷ್ಟು ಕಚೇರಿಗಳಲ್ಲಿ ಸಿಗುವುದಿಲ್ಲ. ಈ ಪತ್ರ ಅದರ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಪತ್ರ ಬರೆದ ಕೂಡಲೇ 'ಪ್ರವಾಸಿ ವಿರೋಧಿಗಳು' ಅನ್ನುವ ಹಣೆಪಟ್ಟಿ ಬೀಳುತ್ತದೆ. ದಯವಿಟ್ಟು ಅದನ್ನು ಅಂಟಿಸಬೇಡಿ. ಪ್ರವಾಸಿಗರು ಬಂದಿದ್ದರಿಂದಲೇ ಎಷ್ಟೋ ಊರುಗಳಿಗೆ ರಸ್ತೆ ಬಂತು, ಬಸ್ಸು ಬಂತು. ಬೀಳುವ ಹಂತದಲ್ಲಿದ್ದ ಹಳೆಯ ಕಟ್ಟಡಗಳು ರಿಪೇರಿಯಾದವು. ಕೆಲಸ ಹುಡುಕಿಕೊಂಡು ದೂರ ಹೋಗಬೇಕಿದ್ದ ಮಕ್ಕಳು ಊರಲ್ಲೇ ಉಳಿದರು. 2020ರಲ್ಲಿ ಬೀದಿಗಳು ಖಾಲಿಯಾದಾಗ ನಾವು ಎರಡನ್ನೂ ಒಟ್ಟಿಗೇ ಕಂಡೆವು. ಎಷ್ಟೋ ವರ್ಷಗಳ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬಂತು. ಅದೇ ಹೊತ್ತಿಗೆ ಮನೆಯಲ್ಲಿ ದುಡ್ಡು ಮುಗಿಯಿತು. ಹಾಗಾಗಿ ಪ್ರವಾಸಿಗರೇ ಬೇಡ ಅನ್ನುವವರು ನಮ್ಮಲ್ಲಿ ಕಡಿಮೆ. ಎಷ್ಟು ಬೇಕು, ಎಲ್ಲಿಗೆ ಬೇಕು, ಯಾವಾಗ ಬೇಕು ಅನ್ನುವ ಮಾತಿನಲ್ಲಿ ನಮಗೂ ಪಾಲಿರಲಿ ಅನ್ನುವವರೇ ಜಾಸ್ತಿ.

ಈಗ ನಾವು ನೋಡುತ್ತಿರುವುದನ್ನು ಹೇಳುತ್ತೇನೆ. ಶುರುವಾಗುವುದು ಬಾಡಿಗೆ ಮನೆಯಿಂದ. ತಿಂಗಳ ಬಾಡಿಗೆಗೆ ಕೊಟ್ಟಿದ್ದ ಮನೆಯನ್ನು ಮಾಲೀಕರು ದಿನದ ಬಾಡಿಗೆಗೆ ಕೊಡಲು ಶುರು ಮಾಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಸೀಸನ್‌ನಲ್ಲಿ ಕೆಲವೇ ದಿನಗಳ ಬಾಡಿಗೆ ಇಡೀ ತಿಂಗಳ ಬಾಡಿಗೆಗೆ ಸಮವಾದರೆ ಯಾರಾದರೂ ಹಾಗೇ ಮಾಡುತ್ತಾರೆ. ಮೊದಲ ಮನೆ ಹೋದಾಗ ಯಾರಿಗೂ ಗೊತ್ತಾಗುವುದಿಲ್ಲ. ಬೀದಿಯ ಅರ್ಧ ಮನೆಗಳಿಗೆ ಬಾಗಿಲ ಪಕ್ಕ ಪ್ರವಾಸಿಗರಿಗೆಂದು ಕೀಲಿ ಇಡುವ ಡಬ್ಬಿ ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಹೊಸದಾಗಿ ವರ್ಗವಾಗಿ ಬಂದ ಟೀಚರ್‌ಗೆ ಮನೆ ಸಿಗುವುದಿಲ್ಲ. ನರ್ಸ್‌ಗೆ ಸಿಗುವುದಿಲ್ಲ. ಹೋಟೆಲಲ್ಲಿ ರೂಮು ಗುಡಿಸುವ ಹೆಂಗಸು ಮೂರು ಊರಾಚೆಯಿಂದ ಬಸ್ಸು ಹತ್ತಿ ಬರುತ್ತಾಳೆ. ಮಕ್ಕಳಿರುವ ಸಂಸಾರಗಳು ಊರು ಬಿಟ್ಟ ಮೇಲೆ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಮಕ್ಕಳು ಕಡಿಮೆ ಅಂತ ಶಾಲೆ ಮುಚ್ಚುತ್ತದೆ. ಶಾಲೆ ಇಲ್ಲ ಅಂತ ಉಳಿದ ಸಂಸಾರಗಳೂ ಹೊರಡುತ್ತವೆ. ಇದ್ಯಾವುದೂ ನಿಮ್ಮ ಪ್ರವಾಸಿಗರ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವುದು 'ಹಾಸಿಗೆಗಳ ಸಂಖ್ಯೆ ಹೆಚ್ಚಿದೆ' ಅನ್ನುವ ಒಂದು ಸಾಲು ಮಾತ್ರ.

ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದಕ್ಕೆ ವೆನಿಸ್ ಕಣ್ಣೆದುರಿಗೇ ಇದೆ. 1951ರಲ್ಲಿ ಅದರ ಹಳೆಯ ನಗರದಲ್ಲಿ ಸುಮಾರು 1.75 ಲಕ್ಷ ಜನ ವಾಸವಾಗಿದ್ದರು. 2022ರಲ್ಲಿ ಅದು 50 ಸಾವಿರಕ್ಕಿಂತ ಕೆಳಗಿಳಿಯಿತು. ಜನ ಹೊರಗೆ ಹೋದದ್ದಕ್ಕೆ ಹಳೆಯ ಮನೆಗಳು, ನೀರು ಏರುವ ತೊಂದರೆ, ಕೆಲಸ ಬೇರೆ ಕಡೆ ಇದ್ದದ್ದು, ಹೀಗೆ ಬೇರೆ ಕಾರಣಗಳೂ ಇವೆ. ಆದರೆ ಖಾಲಿಯಾದ ಮನೆಗಳಿಗೆ ಮತ್ತೆ ಸಂಸಾರಗಳು ಬರದಂತೆ ಮಾಡಿದ್ದರಲ್ಲಿ ಪ್ರವಾಸಿ ಬಾಡಿಗೆಯ ಪಾಲು ದೊಡ್ಡದು. ಅಲ್ಲಿ ರಿಯಾಲ್ಟೊ ಸೇತುವೆ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಬೋರ್ಡ್ ಇದೆ. ಊರಲ್ಲಿ ಇವತ್ತು ಎಷ್ಟು ನಿವಾಸಿಗಳು ಉಳಿದಿದ್ದಾರೆ ಅಂತ ಅದು ತೋರಿಸುತ್ತದೆ. ಅದನ್ನು ಹಾಕಿಸಿದ್ದು ಪ್ರವಾಸೋದ್ಯಮ ಇಲಾಖೆಯಲ್ಲ. ಅಲ್ಲಿನ ನಿವಾಸಿಗಳೇ ಅಂಗಡಿಯವರ ಜೊತೆ ಸೇರಿ ಹಾಕಿಸಿಕೊಂಡರು.

ಬಾರ್ಸಿಲೋನಾದ ಕತೆಯೂ ಹತ್ತಿರಹತ್ತಿರ ಇದೇ. ಹತ್ತು ವರ್ಷಗಳಲ್ಲಿ ಬಾಡಿಗೆ ಶೇಕಡ 68ರಷ್ಟು ಏರಿದೆ ಎಂದು ಅಲ್ಲಿನ ಮೇಯರ್ 2024ರ ಜೂನ್‌ನಲ್ಲಿ ಹೇಳಿದರು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ 10,101 ಫ್ಲ್ಯಾಟ್‌ಗಳ ಲೈಸೆನ್ಸ್‌ಗಳನ್ನು 2028ರ ನವೆಂಬರ್ ವೇಳೆಗೆ ಮುಗಿಸುತ್ತೇವೆ ಎಂದು ಪ್ರಕಟಿಸಿದರು. ಮರು ತಿಂಗಳೇ ಸಾವಿರಾರು ಜನ ಬೀದಿಗಿಳಿದರು. ಕೆಲವರು ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲಿನಿಂದ ನೀರು ಎರಚಿದ್ದು ಜಗತ್ತಿನ ಎಲ್ಲ ಟಿವಿಗಳಲ್ಲಿ ಬಂತು. ಆ ನೀರು ಎರಚಾಟ ನನಗೆ ಇಷ್ಟವಾಗಲಿಲ್ಲ. ರಜೆಗೆ ಬಂದು ಕೂತವನ ತಪ್ಪೇನಿದೆ? ಅವನಿಗೆ ಬಾ ಅಂತ ಕರೆ ಕಳಿಸಿದ್ದು ನೀವು. ಆದರೆ ಇದನ್ನೂ ಯೋಚಿಸಿ. ಹತ್ತು ಸಾವಿರ ಲೈಸೆನ್ಸ್ ಒಂದೇ ದಿನ ಹುಟ್ಟಿದ್ದಲ್ಲ. ಐನೂರಾದಾಗ ಅಕ್ಕಪಕ್ಕದವರನ್ನು ಒಮ್ಮೆ ಕೇಳಿದ್ದರೆ, ಸಾವಿರವಾದಾಗ ಮತ್ತೊಮ್ಮೆ ಕೇಳಿದ್ದರೆ, ಇಷ್ಟು ದೊಡ್ಡ ಕತ್ತರಿ ಬೇಕಾಗುತ್ತಿರಲಿಲ್ಲ ಅಲ್ವಾ? ಲೈಸೆನ್ಸ್ ನಂಬಿ ಸಾಲ ಮಾಡಿದವರಿಗೂ ಈಗಿನ ಪಾಡು ಬರುತ್ತಿರಲಿಲ್ಲ.

ಮನೆ ಬಿಟ್ಟರೆ ಉಳಿದವು ಸಣ್ಣ ಸಣ್ಣ ವಿಷಯಗಳ ಹಾಗೆ ಕಾಣುತ್ತವೆ. ವೀಕೆಂಡ್‌ನಲ್ಲಿ ಆಂಬುಲೆನ್ಸ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲಸಕ್ಕೆ ಹೋಗುವವರಿಗೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ನಲ್ಲಿಯಲ್ಲಿ ನೀರು ಬರುವುದು ನಿಂತಾಗ ಈಜುಕೊಳಕ್ಕೆ ಟ್ಯಾಂಕರ್ ಬರುತ್ತದೆ. ಕಸದ ಗಾಡಿ ಮೊದಲು ನೋಡುವ ಜಾಗಕ್ಕೆ ಹೋಗುತ್ತದೆ, ಆಮೇಲೆ ಇರುವ ಜಾಗಕ್ಕೆ. ಬಟ್ಟೆ ಒಣಗಿಸುತ್ತಿರುವ ಅಜ್ಜಿಯ ಫೋಟೋ ತೆಗೆಯಲು ಯಾರೋ ಕಾಂಪೌಂಡ್ ಹತ್ತುತ್ತಾರೆ. ಇವನ್ನು ಹೇಳಿಕೊಂಡರೆ 'ಸ್ವಲ್ಪ ಸಹಿಸಿಕೊಳ್ಳಿ, ಊರು ಉದ್ಧಾರವಾಗುತ್ತಿದೆ' ಅನ್ನುವ ಉತ್ತರ ಬರುತ್ತದೆ. ಆಗ ಜನ ತಾವೇ ದಾರಿ ಹುಡುಕಿಕೊಳ್ಳುತ್ತಾರೆ. ಜಪಾನಿನ ಕ್ಯೋಟೋದ ಗಿಯಾನ್ ಎಂಬಲ್ಲಿ ಗೇಶಾಗಳ (ಅಲ್ಲಿನ ಸಾಂಪ್ರದಾಯಿಕ ಕಲಾವಿದೆಯರ) ಹಿಂದೆ ಬೀಳುವ ಪ್ರವಾಸಿಗರ ಕಾಟ ತಾಳಲಾರದೆ ಅಲ್ಲಿನವರು 2024ರಲ್ಲಿ ತಮ್ಮ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರುವುದನ್ನೇ ನಿಷೇಧಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಫುಜಿಕವಾಗುಚಿಕೊ ಪಟ್ಟಣದವರು ಒಂದು ಅಂಗಡಿಯ ಮೇಲೆ ಫ್ಯೂಜಿ ಪರ್ವತ ಕಾಣುವ ಜಾಗಕ್ಕೆ ಅಡ್ಡಲಾಗಿ ಕಪ್ಪು ಪರದೆ ಕಟ್ಟಿದರು. ಫೋಟೋಗಾಗಿ ಜನ ರಸ್ತೆ ಮಧ್ಯೆ ನಿಲ್ಲುತ್ತಿದ್ದರು, ಪಕ್ಕದ ಕಟ್ಟಡದ ಮುಂದೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಪರದೆಗೂ ತೂತು ಮಾಡಿ ಕ್ಯಾಮೆರಾ ಇಟ್ಟವರಿದ್ದರು ಅನ್ನುವುದು ಬೇರೆ ಮಾತು! ತಮ್ಮ ಊರಿನ ಬೆಟ್ಟವನ್ನು ತಾವೇ ಪರದೆ ಹಾಕಿ ಮುಚ್ಚುವ ಮಟ್ಟಕ್ಕೆ ಜನ ಬರಬೇಕಾದರೆ ಅದಕ್ಕೂ ಮೊದಲು ಎಷ್ಟು ಸಲ ದೂರು ಹೇಳಿರಬೇಕು?

ನಿಮ್ಮಲ್ಲಿ ಪ್ರವಾಸೋದ್ಯಮ ಓದಿ ಬಂದ ಅಧಿಕಾರಿಗಳಿಗೆ ಡಾಕ್ಸಿ ಅನ್ನುವ ಸಂಶೋಧಕರ ಹೆಸರು ಗೊತ್ತಿರುತ್ತದೆ. ಬಾರ್ಬಡೋಸ್ ದ್ವೀಪವನ್ನು ಮತ್ತು ಕೆನಡಾದ ನಯಾಗರಾ ಆನ್ ದ ಲೇಕ್ ಎಂಬ ಊರನ್ನು ನೋಡಿ, 1975ರಲ್ಲಿ ಅವರು ಸ್ಥಳೀಯರ ಮನಸ್ಸು ನಾಲ್ಕು ಮೆಟ್ಟಿಲು ಇಳಿಯುತ್ತದೆ ಎಂದು ಬರೆದರು. ಮೊದಲು ಸಂಭ್ರಮ. ಆಮೇಲೆ ಉದಾಸೀನ. ಆಮೇಲೆ ಕಿರಿಕಿರಿ. ಕೊನೆಗೆ ಹಗೆತನ. ಸ್ಲೈಡ್‌ನಲ್ಲಿ ಬಿಡಿಸಲು ಸುಲಭವಾದ್ದರಿಂದಲೋ ಏನೋ, ಅರ್ಧ ಶತಮಾನವಾದರೂ ಇದು ತರಬೇತಿಗಳಲ್ಲಿ ಓಡುತ್ತಲೇ ಇದೆ. ನಮಗೂ ಅದರಲ್ಲಿ ನಿಜ ಕಾಣುತ್ತದೆ. ಆದರೆ ಇಡೀ ಊರಿಗೆ ಒಂದೇ ಮನಸ್ಸು ಇದೆ ಎಂದು ಅದು ಭಾವಿಸಿಬಿಡುತ್ತದೆ. ಈ ದೂರು ನಾನು ಹೊಸದಾಗಿ ಹೇಳುತ್ತಿರುವುದಲ್ಲ. ಆಮೇಲೆ ಬಂದ ಸಂಶೋಧಕರೂ ಹೇಳಿದ್ದಾರೆ.

ಒಂದೇ ಮನೆ ತೆಗೆದುಕೊಳ್ಳಿ. ಮಗ ಟ್ಯಾಕ್ಸಿ ಓಡಿಸುತ್ತಾನೆ. ಅವನಿಗೆ ಸೀಸನ್ ಇನ್ನೂ ಎರಡು ತಿಂಗಳು ಇದ್ದರೆ ಚೆನ್ನ. ಮಗಳು ಹೋಟೆಲ್ ರಿಸೆಪ್ಷನ್‌ನಲ್ಲಿದ್ದಾಳೆ. ಸೀಸನ್ ಮುಗಿದ ಕೂಡಲೇ ಕೆಲಸ ಹೋಗುತ್ತದೆ ಅನ್ನುವ ಭಯ ಅವಳಿಗೆ. ಅಪ್ಪ ನಿವೃತ್ತಿಯಾಗಿ ಮನೆಯಲ್ಲಿದ್ದಾರೆ. ಪಕ್ಕದ ಮನೆಯ ರಾತ್ರಿ ಪಾರ್ಟಿಗಳಿಂದ ಅವರ ರಕ್ತದೊತ್ತಡ ಏರಿದೆ. ಅಮ್ಮನಿಗೆ ಸಂತೆಯ ದಿನ ರಸ್ತೆ ದಾಟಲು ಆಗುತ್ತಿಲ್ಲ. ಆದರೆ ಹೊಸ ಆಸ್ಪತ್ರೆ ಬಂದದ್ದೂ ಪ್ರವಾಸಿಗರ ದೆಸೆಯಿಂದಲೇ ಎಂದು ಗೊತ್ತು. ಈ ನಾಲ್ವರಲ್ಲಿ ಯಾರ ಅಭಿಪ್ರಾಯ ಊರಿನ ಅಭಿಪ್ರಾಯ? ಯಾರಿಗೆ ಏನು ಸಿಗುತ್ತದೆ, ಯಾರು ಏನು ಕಳೆದುಕೊಳ್ಳುತ್ತಾರೆ ಅನ್ನುವ ಕೊಡು-ಕೊಳ್ಳುವ ಲೆಕ್ಕದಲ್ಲೇ ಈ ಮನಸ್ಸು ನಿಂತಿದೆ ಎಂದು ಜಾನ್ ಆಪ್ ಎಂಬ ಸಂಶೋಧಕರು 1992ರಲ್ಲಿ ವಿವರಿಸಿದ್ದರು. ಜಾಗ ಇದ್ದವರಿಗೆ ಒಂದು ಲೆಕ್ಕ, ಬಾಡಿಗೆಗೆ ಇರುವವರಿಗೆ ಇನ್ನೊಂದು. ಜನವರಿಯಲ್ಲಿ ಕೇಳಿದರೆ ಒಂದು ಉತ್ತರ, ಮೇ ತಿಂಗಳಲ್ಲಿ ಕೇಳಿದರೆ ಇನ್ನೊಂದು. ಅದಕ್ಕೇ ನಾವು ಹೇಳುವುದು, ನಮ್ಮ ಮನಸ್ಸನ್ನು ನೀವು ಊಹಿಸಬೇಡಿ. 'ಊರಿನವರ ಬೆಂಬಲ ಇದೆ' ಎಂದೂ ಊಹಿಸಬೇಡಿ, 'ಊರಿನವರು ರೊಚ್ಚಿಗೆದ್ದಿದ್ದಾರೆ' ಎಂದೂ ಊಹಿಸಬೇಡಿ. ಕೇಳಿ.

ಕೇಳಿದರೆ ಎಲ್ಲಿ ಎಲ್ಲವನ್ನೂ ಬೇಡ ಅಂದುಬಿಡುತ್ತಾರೋ ಅನ್ನುವ ಹೆದರಿಕೆ ನಿಮಗಿರಬಹುದು. ಆ ಹೆದರಿಕೆಗೆ ಉತ್ತರ ಅಮೆರಿಕದ ಎರಡು ಸಣ್ಣ ಊರುಗಳಲ್ಲಿದೆ. ಅಲಾಸ್ಕಾದ ಜೂನೋದಲ್ಲಿ ಜನಸಂಖ್ಯೆ ಸುಮಾರು 32 ಸಾವಿರ. ಕ್ರೂಸ್ ಹಡಗುಗಳಲ್ಲಿ ವರ್ಷಕ್ಕೆ ಬರುವವರು 16 ಲಕ್ಷಕ್ಕೂ ಜಾಸ್ತಿ. ಶನಿವಾರ ದೊಡ್ಡ ಹಡಗುಗಳೇ ಬರಬಾರದು ಎಂಬ ಪ್ರಸ್ತಾಪ 2024ರ ಅಕ್ಟೋಬರ್‌ನಲ್ಲಿ ಮತಕ್ಕೆ ಬಂತು. ಜನ ಅದನ್ನು ತಿರಸ್ಕರಿಸಿದರು. ದುಡಿಮೆ ಮುಖ್ಯ ಅಂದರು. ಅತ್ತ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ 2022ರ ನವೆಂಬರ್‌ನಲ್ಲಿ ಅಲ್ಲಿನ ಜನರೇ ತಂದ ಪ್ರಸ್ತಾಪಕ್ಕೆ ಮತ ಹಾಕಿದರು. ದಿನಕ್ಕೆ ಕ್ರೂಸ್ ಹಡಗುಗಳಿಂದ ಸಾವಿರ ಜನ ಮಾತ್ರ ಇಳಿಯಬಹುದು ಎಂದು ಮಿತಿ ಹಾಕಿದರು. ಎರಡು ಊರು, ಒಂದೇ ಬಗೆಯ ಹಡಗು, ಎರಡು ಬೇರೆ ಉತ್ತರ. ಎರಡರಲ್ಲೂ ಆಕಾಶ ಕಳಚಿ ಬೀಳಲಿಲ್ಲ. ಜೂನೋದಲ್ಲಿ ಸೋತವರಿಗೂ ತಮ್ಮ ಊರಿನ ಬಹುಮತ ಏನು ಅಂತ ತಿಳಿಯಿತು. ಅದು ಸಣ್ಣ ವಿಷಯವೇನಲ್ಲ.

ಕೇಳಿಯೂ ಕೇಳದಂತೆ ಮಾಡಿದ ಉದಾಹರಣೆಯೂ ಇದೆ. ಫ್ಲಾರಿಡಾದ ಕೀ ವೆಸ್ಟ್‌ನ ಜನ 2020ರ ನವೆಂಬರ್‌ನಲ್ಲಿ ದೊಡ್ಡ ಕ್ರೂಸ್ ಹಡಗುಗಳು ಬೇಡ, ದಿನಕ್ಕೆ ಇಳಿಯುವವರು ಸಾವಿರದ ಐನೂರು ಮೀರಬಾರದು ಎಂದು ಮತ ಹಾಕಿದರು. ಮರು ವರ್ಷ ರಾಜ್ಯ ಸರ್ಕಾರ ಕಾನೂನು ತಂದು ಆ ತೀರ್ಮಾನವನ್ನು ಅಳಿಸಿಹಾಕಿತು. ಇದಕ್ಕಿಂತ ಕೇಳದೆ ಇರುವುದೇ ವಾಸಿ. ಕೇಳಿ, ಉತ್ತರ ಪಡೆದು, ಅದನ್ನು ಮೇಲಿಂದ ರದ್ದು ಮಾಡಿದರೆ ಮುಂದಿನ ಸಲ ಯಾರು ತಾನೇ ಸಭೆಗೆ ಬರುತ್ತಾರೆ?

ಈಗಲೂ ಕೇಳುತ್ತಿದ್ದೇವಲ್ಲ, ಅಹವಾಲು ಸಭೆ ಮಾಡುತ್ತೇವಲ್ಲ ಎಂದು ನೀವು ಹೇಳಬಹುದು. ಆ ಸಭೆಗಳು ಹೇಗಿರುತ್ತವೆ ಎಂದು ನೇರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಭೆ ಇರುವುದು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ. ಪ್ರಕಟಣೆ ಬಂದದ್ದು ಯಾರೂ ಓದದ ಪುಟದ ಮೂಲೆಯಲ್ಲಿ. ಯೋಜನೆಯ ವರದಿ ಜನ ಮಾತಾಡುವ ಭಾಷೆಯಲ್ಲಿರುವುದಿಲ್ಲ. ಇದ್ದರೂ ಮುನ್ನೂರು ಪುಟ. ಆಕ್ಷೇಪಣೆ ಸಲ್ಲಿಸಲು ಕೊಟ್ಟ ಗಡುವು ಎಲ್ಲರೂ ಬಿಡುವಿಲ್ಲದೆ ದುಡಿಯುವ ಸೀಸನ್‌ನ ನಡುವೆ ಬರುತ್ತದೆ. ಮುಂದಿನ ಸಾಲಲ್ಲಿ ಕೂರುವುದು ಹೋಟೆಲ್ ಮಾಲೀಕರು ಮತ್ತು ಟ್ರಾವೆಲ್ಸ್‌ನವರು. ಅವರಿಗೆ ಹೇಳುವ ಹಕ್ಕಿಲ್ಲ ಎನ್ನುತ್ತಿಲ್ಲ. ಆದರೆ ಬಾಡಿಗೆದಾರರನ್ನು ಯಾರು ಕರೆದರು? ಬೇರೆ ಊರಿಂದ ಕೆಲಸಕ್ಕೆ ಬಂದು ಇಲ್ಲೇ ಬದುಕುತ್ತಿರುವವರನ್ನು? ಹಾಸಿಗೆ ಹೊದಿಕೆ ಒಗೆಯುವ ಹೆಂಗಸರನ್ನು? ಶಾಲೆಗೆ ಹೋಗುವ ಹುಡುಗರನ್ನು? ವೇದಿಕೆ ಮೇಲೆ ಮಾದರಿ ಕಟ್ಟಡದ ಚಿತ್ರ ಆಗಲೇ ಸಿದ್ಧವಾಗಿರುತ್ತದೆ. ಅಲ್ಲಿ ನಾವು ಸುಮ್ನೆ ಹಾಜರಿ ಹಾಕಿ ಬರುತ್ತೇವೆ. ಮರುದಿನ ವರದಿಯಲ್ಲಿ 'ಸ್ಥಳೀಯರೊಂದಿಗೆ ಸಮಾಲೋಚನೆ ನಡೆಸಲಾಯಿತು' ಎಂದು ಬರುತ್ತದೆ.

ಸಮೀಕ್ಷೆಗಳೂ ಹೀಗೇ. 'ಪ್ರವಾಸೋದ್ಯಮದಿಂದ ನಿಮ್ಮ ಊರಿಗೆ ಲಾಭವಾಗಿದೆಯೇ?' ಎಂದು ಕೇಳಿದರೆ ಯಾರು ಇಲ್ಲ ಅಂತಾರೆ? ಊರಿಗೆ ಲಾಭವಾಗಿರಬಹುದು, ನನಗೆ ಮನೆ ಇಲ್ಲದಿರಬಹುದು. ಎರಡನ್ನೂ ಕೇಳುವ ಪ್ರಶ್ನೆ ಬೇಕು. ಹವಾಯಿಯಲ್ಲಿ 1999ರಿಂದ ನಿವಾಸಿಗಳ ಮನಸ್ಸಿನ ಸಮೀಕ್ಷೆ ನಡೆಯುತ್ತಿದೆ. ಶುರು ಮಾಡಿದ್ದು ಅಲ್ಲಿನ ಪ್ರವಾಸೋದ್ಯಮ ಪ್ರಾಧಿಕಾರವೇ. ಸ್ಥಳೀಯರಿಗೆ ನಷ್ಟ ಮಾಡಿ ಈ ದ್ವೀಪವನ್ನು ಪ್ರವಾಸಿಗರಿಗಾಗಿ ನಡೆಸಲಾಗುತ್ತಿದೆ, ಈ ಮಾತನ್ನು ಒಪ್ಪುತ್ತೀರಾ ಎಂದು ಅದರಲ್ಲಿ ನೇರವಾಗಿ ಕೇಳುತ್ತಾರೆ. ಪ್ರವಾಸೋದ್ಯಮದಿಂದ ಅನುಕೂಲವೇ ಹೆಚ್ಚಾ, ತೊಂದರೆಯೇ ಹೆಚ್ಚಾ ಎಂದೂ ಕೇಳುತ್ತಾರೆ. ಉತ್ತರಗಳು ಇಲಾಖೆಗೆ ಮುಜುಗರ ತಂದಾಗಲೂ ಪ್ರಕಟಿಸುತ್ತಾ ಬಂದಿದ್ದಾರೆ. ಇದನ್ನು ನಾನು ಮೆಚ್ಚುತ್ತೇನೆ.

ಆದರೆ ಕೇಳಿದ್ದನ್ನು ಕಡತದಲ್ಲಿಟ್ಟರೆ ಸಾಲದು ಅನ್ನುವುದಕ್ಕೂ ಹವಾಯಿಯೇ ಸಾಕ್ಷಿ. 2023ರ ಆಗಸ್ಟ್ 8ರಂದು ಮಾವಿ ದ್ವೀಪದ ಲಹೈನಾ ಪಟ್ಟಣ ಬೆಂಕಿಗೆ ಬಲಿಯಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಎರಡು ತಿಂಗಳಿಗೆ, ಅಕ್ಟೋಬರ್ 8ರಿಂದ, ಆ ಭಾಗವನ್ನು ಮತ್ತೆ ಪ್ರವಾಸಿಗರಿಗೆ ತೆರೆಯಲು ಶುರು ಮಾಡಿದರು. ಸ್ವಲ್ಪ ತಡೆಯಿರಿ, ನಮಗಿನ್ನೂ ಮನೆಯಿಲ್ಲ ಎಂದು ಸಾವಿರಾರು ನಿವಾಸಿಗಳು ಸಹಿ ಹಾಕಿ ಕೇಳಿಕೊಂಡರು. ಕೆಲಸ ಕಳೆದುಕೊಂಡವರಿಗೆ ಪ್ರವಾಸಿಗರು ಬೇಕೇ ಬೇಕು ಅನ್ನುವುದು ಸರ್ಕಾರದ ವಾದ. ಅದೂ ಸುಳ್ಳಲ್ಲ. ಎರಡು ಕಡೆಯೂ ನೋವಿದ್ದಾಗ ದಿನಾಂಕವನ್ನು ಯಾರು ನಿರ್ಧರಿಸಬೇಕು ಅನ್ನುವುದೇ ಪ್ರಶ್ನೆ.

ತೆರೆಯುವಾಗ ಹೀಗೆ. ಮುಚ್ಚುವಾಗ ಇನ್ನೊಂದು ಥರ. ಫಿಲಿಪ್ಪೀನ್ಸ್‌ನ ಬೊರಾಕೆ ದ್ವೀಪದ ಸಮುದ್ರಕ್ಕೆ ಚರಂಡಿ ನೀರು ಸೇರುತ್ತಿತ್ತು. ಸ್ವಚ್ಛ ಮಾಡಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. 2018ರ ಏಪ್ರಿಲ್ ಮೊದಲ ವಾರ ಅಧ್ಯಕ್ಷರ ಆದೇಶ ಬಂತು, ಏಪ್ರಿಲ್ 26ಕ್ಕೆ ದ್ವೀಪವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಆರು ತಿಂಗಳು! ಅಲ್ಲಿ ದುಡಿಯುತ್ತಿದ್ದ ಸಾವಿರಾರು ಜನಕ್ಕೆ ತಯಾರಾಗಲು ಸಿಕ್ಕಿದ್ದು ಮೂರು ವಾರ. ಚರಂಡಿ ಕೆಡಲು ವರ್ಷಗಳು ಹಿಡಿದಿದ್ದವು. ಅಷ್ಟು ವರ್ಷ ಆ ನೀರಿನ ಪಕ್ಕ ಬದುಕಿದವರಿಗೆ ಅದರ ವಾಸನೆ ಗೊತ್ತಿರಲಿಲ್ಲವಾ? ಯಾವ ಪೈಪು ಎಲ್ಲಿ ಬಂದು ಸೇರುತ್ತದೆ ಅನ್ನುವುದು ಯಾವ ಊರಲ್ಲಾದರೂ ಮೊದಲು ತಿಳಿಯುವುದು ಅಲ್ಲಿನ ನಿವಾಸಿಗಳಿಗೇ. ನಿಮ್ಮ ತಜ್ಞರ ವರದಿಗಿಂತ ಎಷ್ಟೋ ಮೊದಲು.

ಇವೆಲ್ಲ ಅಳೆಯಲು ಆಗದ ವಿಷಯ, ಜನರ ಭಾವನೆ ಎಂದು ಈಗ ಯಾರೂ ಹೇಳುವ ಹಾಗಿಲ್ಲ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2004ರಲ್ಲಿ ಶುರು ಮಾಡಿದ, ಪ್ರವಾಸೋದ್ಯಮದ ಪರಿಣಾಮ ಗಮನಿಸುವ ವೀಕ್ಷಣಾಲಯಗಳ ಜಾಲಕ್ಕೆ ಸೇರುವ ಪ್ರತಿ ಊರೂ ಸ್ಥಳೀಯರ ತೃಪ್ತಿಯನ್ನು ಅಳೆಯಲೇಬೇಕು. ಯುರೋಪಿಯನ್ ಕಮಿಷನ್ 2013ರಲ್ಲಿ ಹೊರತಂದ ಸೂಚಕಗಳ ಪಟ್ಟಿಯಲ್ಲೂ ಅದು ಇದೆ. ಪ್ರವಾಸೋದ್ಯಮದ ಸುಸ್ಥಿರತೆ ಅಳೆಯುವ ಚೌಕಟ್ಟನ್ನು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2024ರಲ್ಲಿ ಒಪ್ಪಿಕೊಂಡಿದೆ. ಇನ್ನೂ ಹಿಂದಕ್ಕೆ ಹೋದರೆ, 1999ರಲ್ಲಿ ನೀವೆಲ್ಲ ಒಪ್ಪಿದ ಜಾಗತಿಕ ನೀತಿಸಂಹಿತೆಯ ಐದನೇ ವಿಧಿ ಪ್ರವಾಸೋದ್ಯಮದ ಲಾಭದಲ್ಲಿ ಸ್ಥಳೀಯರಿಗೆ ನ್ಯಾಯವಾದ ಪಾಲಿರಬೇಕು ಅನ್ನುತ್ತದೆ. ದಾರಿ ಗೊತ್ತಿದೆ. ನಡೆಯುವ ಮನಸ್ಸಿಲ್ಲ, ಅಷ್ಟೇ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಪ್ರವಾಸಿಗರ ಸಂಖ್ಯೆಯನ್ನು ಯಾವ ನಿಯಮದಿಂದ ಪ್ರಕಟಿಸುತ್ತೀರೋ ಅದೇ ನಿಯಮದಿಂದ ನಿವಾಸಿಗಳ ಅಭಿಪ್ರಾಯವನ್ನೂ ಪ್ರಕಟಿಸಿ. ವರ್ಷಕ್ಕೆ ಎರಡು ಸಲವಾದರೂ ಕೇಳಿ. ಒಂದು ಸಲ ಸೀಸನ್‌ನಲ್ಲಿ, ಇನ್ನೊಂದು ಸಲ ಸೀಸನ್ ಮುಗಿದ ಮೇಲೆ. ಊರಿಗೆಲ್ಲ ಒಂದು ಸರಾಸರಿ ಕೊಡಬೇಡಿ. ಬಡಾವಣೆ ಬಡಾವಣೆಗೆ ಬಿಡಿಸಿ ಕೊಡಿ. ನೋಡುವ ಜಾಗದ ಪಕ್ಕ ಇರುವವರ ಕಷ್ಟ ಎರಡು ಮೈಲಿ ಆಚೆ ಇರುವವರ ಸಮಾಧಾನದಲ್ಲಿ ಮುಚ್ಚಿಹೋಗಬಾರದು. ಬಾಡಿಗೆದಾರರು, ಸೀಸನ್ ಕೆಲಸಗಾರರು, ಪ್ರವಾಸೋದ್ಯಮದಿಂದ ಒಂದು ಪೈಸೆಯೂ ಕಾಣದವರು, ಇವರ ಉತ್ತರ ಬೇರೆಬೇರೆಯಾಗಿ ಕಾಣುವಂತಿರಲಿ. ಸಮೀಕ್ಷೆ ಮಾಡುವವರು ಪ್ರಚಾರ ವಿಭಾಗದವರಾಗಿರಬಾರದು. ಜಾಹೀರಾತು ಮಾಡುವವರೇ ಅಭಿಪ್ರಾಯ ಕೇಳಿದರೆ ಅದೂ ಜಾಹೀರಾತೇ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಉತ್ತರಕ್ಕೆ ಪರಿಣಾಮ ಇರಬೇಕು. ಇದಕ್ಕೆ ಆಮ್‌ಸ್ಟರ್‌ಡ್ಯಾಮ್ ಕಡೆ ನೋಡಿ. ಸುಮಾರು 30 ಸಾವಿರ ನಿವಾಸಿಗಳ ಸಹಿ ಇದ್ದ ಮನವಿಯಿಂದಾಗಿ ಅಲ್ಲಿ 2021ರಲ್ಲಿ ಒಂದು ನಿಯಮ ಬಂತು. ಪ್ರವಾಸಿಗರು ವರ್ಷಕ್ಕೆ ತಂಗುವ ರಾತ್ರಿಗಳು 2 ಕೋಟಿ ಮೀರಬಾರದು. 1.8 ಕೋಟಿ ಮುಟ್ಟುವ ಹೊತ್ತಿಗೇ ನಗರಸಭೆ ಕ್ರಮಕ್ಕೆ ಮುಂದಾಗಬೇಕು. ಆ ನಿಯಮ ಸರಿಯಾಗಿ ಪಾಲನೆಯಾಗುತ್ತಿಲ್ಲ ಎಂದು ಅಲ್ಲಿನವರು ಈಗಲೂ ಜಗಳವಾಡುತ್ತಿದ್ದಾರೆ, ಮಿತಿ ದಾಟಿರುವುದೂ ನಿಜ. ಆದರೆ ಜಗಳವಾಡಲು ಅವರ ಕೈಯಲ್ಲಿ ಒಂದು ನಿಯಮವಾದರೂ ಇದೆ. ನಮ್ಮ ಕೈಯಲ್ಲಿ ಏನಿದೆ? ನಿವಾಸಿಗಳಲ್ಲಿ ಇಂತಿಷ್ಟು ಪಾಲು ಜನ 'ತೊಂದರೆಯೇ ಹೆಚ್ಚು' ಎಂದರೆ ಆ ಬಡಾವಣೆಯಲ್ಲಿ ಹೊಸ ಲೈಸೆನ್ಸ್ ತಾನಾಗಿಯೇ ನಿಲ್ಲುವ ಹಾಗೆ ನಿಯಮ ಮಾಡಿ. ಆ ಪಾಲು ಎಷ್ಟಿರಬೇಕು ಎಂದು ಚರ್ಚೆ ಮಾಡೋಣ. ಸಮೀಕ್ಷೆಗೆ ಮೊದಲೇ ಗೊತ್ತುಮಾಡಬೇಕು, ಉತ್ತರ ಬಂದ ಮೇಲೆ ಅಲ್ಲ.

ಪ್ರವೇಶ ಶುಲ್ಕ, ತಂಗುವ ತೆರಿಗೆ ಇವುಗಳ ಬಗ್ಗೆ ಒಂದು ಮಾತು. ವೆನಿಸ್ 2024ರ ಏಪ್ರಿಲ್ 25ರಿಂದ, ಜನಜಂಗುಳಿ ಹೆಚ್ಚಿರುವ ದಿನಗಳಲ್ಲಿ, ಹಗಲು ಬಂದುಹೋಗುವವರಿಂದ 5 ಯೂರೊ ತೆಗೆದುಕೊಳ್ಳಲು ಶುರು ಮಾಡಿತು. ಮೊದಲ ದಿನವೇ ಅಲ್ಲಿನ ನಿವಾಸಿಗಳು ಪ್ರತಿಭಟಿಸಿದರು. ನಮ್ಮ ಊರಿಗೆ ಟಿಕೆಟ್ ಇಟ್ಟು ಅದನ್ನು ಮ್ಯೂಸಿಯಂ ಮಾಡಬೇಡಿ, ನಮಗೆ ಬೇಕಿರುವುದು ಮನೆ, ಆಸ್ಪತ್ರೆ, ಶಾಲೆ ಅನ್ನುವುದು ಅವರ ಮಾತು. ಶುಲ್ಕ ಹಾಕಿದ ಕೂಡಲೇ ನಮ್ಮ ಬಾಯಿ ಮುಚ್ಚಿಸಿದೆವು ಎಂದುಕೊಳ್ಳಬೇಡಿ. ಬಂದ ಹಣದಲ್ಲಿ ಎಷ್ಟು ಕಸ ಮತ್ತು ನೀರಿಗೆ ಹೋಯಿತು, ಎಷ್ಟು ಮತ್ತೆ ಪ್ರಚಾರಕ್ಕೇ ಹೋಯಿತು ಎಂದು ಎಲ್ಲರಿಗೂ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಬರೆದು ಹಾಕಿ.

ಹೊಸ ಯೋಜನೆಗಳ ವಿಷಯದಲ್ಲಿ, ಜಾಗ ಗುರುತಿಸುವ ಮೊದಲು ನಮ್ಮನ್ನು ಕರೆಯಿರಿ. ನಕ್ಷೆ ಸಿದ್ಧವಾದ ಮೇಲೆ ಕರೆದರೆ ಬಾಗಿಲ ಬಣ್ಣ ಯಾವುದಿರಲಿ ಎಂದು ಮಾತ್ರ ಹೇಳಲು ಉಳಿದಿರುತ್ತದೆ. ಯಾವ ಯೋಜನೆಗಾದರೂ 'ಬೇಡ' ಅನ್ನುವ ಆಯ್ಕೆ ಕಾಗದದ ಮೇಲೆ ಇರಲಿ.

ಈ ಪತ್ರ ತಲುಪಿದ ಮೂರು ತಿಂಗಳೊಳಗೆ ಇಷ್ಟಕ್ಕಾದರೂ ಬರಹದಲ್ಲಿ ಉತ್ತರ ಕೊಡಿ: ನಿಮ್ಮ ವ್ಯಾಪ್ತಿಯ ಊರುಗಳಲ್ಲಿ ನಿವಾಸಿಗಳ ಅಭಿಪ್ರಾಯವನ್ನು ಕೊನೆಯ ಸಲ ಯಾವಾಗ ಕೇಳಿದ್ದಿರಿ? ಏನು ಉತ್ತರ ಬಂತು? ಅದರಿಂದ ಯಾವ ತೀರ್ಮಾನ ಬದಲಾಯಿತು? ಕೇಳಿಯೇ ಇಲ್ಲ ಅಂತಾದರೆ ಹಾಗೇ ಬರೆಯಿರಿ, ಅಲ್ಲಿಂದಲೇ ಶುರು ಮಾಡೋಣ. ಪ್ರಶ್ನೆಗಳನ್ನು ಬರೆಯುವ ಮೊದಲ ಸಭೆಗೇ ನಾವು ಬರಲು ಸಿದ್ಧ. ಸಭೆಯನ್ನು ಸಂಜೆ ಏಳರ ಮೇಲೆ ಇಡಿ. ಆಗ ರೂಮು ಗುಡಿಸುವವರೂ, ಟ್ಯಾಕ್ಸಿ ಓಡಿಸುವವರೂ ಬರಬಹುದು.

ಇಂತಿ,
ಪ್ರವಾಸಿಗರು ಬಂದುಹೋಗುವ ಊರುಗಳ ನಿವಾಸಿಗಳ ಪರವಾಗಿ,
ಅವರಲ್ಲೊಬ್ಬರು